ಒಬ್ಬರಿಗೊಬ್ಬರು ಜಾಮೀನು

ಸಭೆಯಲ್ಲಿ ಪೊಲೀಸಿನವನು ಚಪ್ಪಾಳೆ ತಟ್ಟಬಾರದು. ನೌಕರಿಯಲ್ಲಿ ನಾನು ಕಲಿತ ಮೊದಲ ಪಾಠ ಇದು, ಅದೂ ಬೈಸಿಕೊಂಡು ಕಲಿತದ್ದು.

ಹೊಸದಾಗಿ ಸೇರಿದಾಗ ಬೆಳಗಾವಿಯ ಶಹಾಪುರದಲ್ಲಿ ಒಂದು ಸಭೆಗೆ ಕಳಿಸಿದ್ದರು. ನೇಕಾರರ ಓಣಿ, ಎರಡೂ ಬಾಜೂ ಪವರ್‌ಲೂಮಿನ ಖಟಪಟ. ಮೈಕಿನ ಮುಂದೆ ನಿಂತವನು ಆ ಸದ್ದನ್ನೂ ಮೀರಿ ಕೂಗಬೇಕು. ಅದು ಪ್ರಗತಿಪರರ ಸಭೆ. ಭಾಷಣಕಾರ ಎಂಥ ಮಾತುಗಾರನೆಂದರೆ ನಾನು ಡ್ಯೂಟಿ ಮರೆತು ಎಲ್ಲರ ಜೊತೆ ಎದ್ದು ಚಪ್ಪಾಳೆ ತಟ್ಟಿದೆ. ಮರುವಾರ ಅದೇ ಓಣಿಯಲ್ಲಿ ಸಂಪ್ರದಾಯವಾದಿಗಳ ಸಭೆ. ಅವರಲ್ಲೂ ಒಬ್ಬ ಒಳ್ಳೆಯ ಮಾತುಗಾರ ಇದ್ದ. ಅಲ್ಲಿಯೂ ತಟ್ಟಿದೆ. ಎರಡೂ ಸುದ್ದಿ ನನಗಿಂತ ಮೊದಲೇ ಠಾಣೆ ಮುಟ್ಟಿದ್ದವು.

“ಏ ಸಿದ್ದಪ್ಪ, ನೀ ಯಾವ ಕಡಿ ಮನಷ್ಯಾ?” ಎಂದು ಕೇಳಿದರು ನಮ್ಮ ಸಬ್‌ಇನ್‌ಸ್ಪೆಕ್ಟರ್ ಇನಾಮದಾರ ಸಾಹೇಬರು.

“ಯಾವ ಕಡಿನೂ ಅಲ್ರಿ ಸಾಹೇಬ್ರ. ಇಬ್ಬರೂ ಛಲೋ ಮಾತಾಡಿದ್ರು.”

“ಭಾಷಣ ಕೇಳಾಕ ಸರ್ಕಾರ ಪಗಾರ ಕೊಡತೈತೇನ ನಿನಗ? ನಾ ನಿನ್ನ ಕಳಿಸಿದ್ದು ಕೇಳವ್ರನ್ನ ನೋಡಾಕ. ಭಾಷಣ ಮಾಡಿದಾಂವ ನಾಳಿ ಊರ ಬಿಟ್ಟ ಹೋಗತಾನ. ಕೇಳಿದಾಂವ ಇಲ್ಲೇ ಇರತಾನ. ಜಗಳ ಆದ್ರ ಇವನಽ ಮಾಡಾಂವ.”

ಈಗ ಇಲಾಖೆಗೆ ಸೇರುವವರು ಸಿಕ್ಕಾಗ ನಾನು ಮೊದಲು ಹೇಳುವುದು ಸಾಹೇಬರ ಈ ಮಾತನ್ನೇ. ನನಗೆ ಸಿಕ್ಕ ಬಡ್ತಿ, ಪ್ರಶಂಸೆಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ. ನಾನು ಬರೆಯಬೇಕೆಂದಿರುವುದು ಖಾನಾಪುರದ ಇಬ್ಬರು ಮನುಷ್ಯರ ವಿಷಯ. ಅವರನ್ನು ಕಾಯುವುದೇ ನನ್ನ ನೌಕರಿಯ ದೊಡ್ಡ ಭಾಗವಾಗಿತ್ತು, ಮತ್ತು ಕೊನೆಗೆ ನನ್ನಿಂದ ಕಾಯಲಿಕ್ಕೆ ಆಗಲಿಲ್ಲ.

ನನ್ನದು ಮಫ್ತಿಯ ಕೆಲಸ. ಯಾವ ಪಕ್ಷ, ಯಾವ ಸಂಘದ ಸಭೆಯಾದರೂ ಹೋಗಿ ಕೂರುವುದು, ಮೆರವಣಿಗೆಯ ಹಿಂದೆ ನಡೆಯುವುದು, ಸಂಜೆ ಬಂದು ವರದಿ ಕೊಡುವುದು. ಹೆಸರಿಗಷ್ಟೇ ಗುಪ್ತ. ನನ್ನ ಕ್ರಾಪು, ನಾನು ನಿಲ್ಲುವ ಠೀವಿ ನೋಡಿದರೆ ಸಣ್ಣ ಮಕ್ಕಳಿಗೂ ಗೊತ್ತಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತರೆ ಸಂಘಟಕರೇ ಬಂದು, “ಹವಾಲ್ದಾರ್ರ, ಮುಂದ ಬಂದು ಕುಂದರ್ರಿ, ಹಿಂದ ನೆಟ್ಟಗ ಕೇಳಂಗಿಲ್ಲ” ಎಂದು ಕುರ್ಚಿ ಹಾಕುತ್ತಿದ್ದರು. ಯಾರದಾದರೂ ಹೆಸರು ತಪ್ಪು ಬರೆದುಕೊಂಡೆನೋ ಎಂದು ಭಾಷಣಕಾರನೇ ಮೈಕಿನಲ್ಲಿ ನನ್ನ ಕಡೆ ತಿರುಗಿ ಇನ್ನೊಮ್ಮೆ ಹೇಳಿದ್ದೂ ಉಂಟು. ನಾಚಿಕೆಯಾಗುತ್ತಿತ್ತು. ಆದರೆ ಈಗ ಯೋಚಿಸಿದರೆ, ಎಲ್ಲರಿಗೂ ಗೊತ್ತಿದ್ದ ಪೊಲೀಸು ಎಲ್ಲರಿಗೂ ಸಿಗುತ್ತಿದ್ದ. ಮನಸ್ಸಿನಲ್ಲಿದ್ದದ್ದನ್ನು ಹೇಳಿ ಹಗುರಾಗಲು ಎರಡೂ ಕಡೆಯವರು ನನ್ನ ಹತ್ತಿರ ಬರುತ್ತಿದ್ದರು.

ಇನಾಮದಾರ ಸಾಹೇಬರಿಗೆ ಖಾನಾಪುರಕ್ಕೆ ವರ್ಗವಾಯಿತು. ಸ್ವಲ್ಪ ದಿನದಲ್ಲಿ ನನ್ನನ್ನೂ ಕರೆಸಿಕೊಂಡರು. ಗಿರಾಕಿ ಮರಾಠಿಯಲ್ಲಿ ಕೇಳಿದರೆ ಅಂಗಡಿಯವನು ಕನ್ನಡದಲ್ಲಿ ಉತ್ತರ ಕೊಡುವ ಊರು ಅದು. ಯಾರು ಯಾವ ಭಾಷೆ ಆಡಿದರೆಂದು ಆಮೇಲೆ ಕೇಳಿದರೆ ಇಬ್ಬರಿಗೂ ನೆನಪಿರುವುದಿಲ್ಲ. ಅಲ್ಲಿ ಜಗಳ ಇದ್ದದ್ದು ಬೇರೆ ವಿಷಯಕ್ಕೆ.

ಪ್ರಗತಿಪರರ ಮುಂದಾಳು ಮಲ್ಲೇಶಪ್ಪ ಮಾಸ್ತರರು. ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಕೈಯಲ್ಲೊಂದು ಕೊಡೆ. ಮನೆಯಲ್ಲಿ ಲಿಂಗಪೂಜೆ ತಪ್ಪಿಸದ ಮನುಷ್ಯ, ಹೊರಗೆ ಬಂದರೆ ಪಂಚಾಂಗ ಸುಡಬೇಕೆನ್ನುತ್ತಿದ್ದರು. ಬಸವಣ್ಣನನ್ನು ನಂಬಿದವನಿಗೆ ರಾಹುಕಾಲ ಯಾಕೆ ಬೇಕು ಎಂಬುದು ಅವರ ಪ್ರಶ್ನೆ. ಸಂಪ್ರದಾಯವಾದಿಗಳ ಮುಂದಾಳು ವಸಂತರಾವ. ಸ್ಟೇಷನ್ ರಸ್ತೆಯಲ್ಲಿ ಹಂಚಿನ ಡಿಪೋ ಇಟ್ಟಿದ್ದರು. ದಪ್ಪ ಮೀಸೆ, ಅದಕ್ಕೆ ತಕ್ಕ ದನಿ. ಹಿರಿಯರಿಂದ ಬಂದ ಪದ್ಧತಿಯ ಒಂದು ಎಳೆ ಬಿಚ್ಚಿದರೂ ಬಟ್ಟೆಯೆಲ್ಲ ಬಿಚ್ಚಿಹೋಗುತ್ತದೆ ಎಂದು ಅವರ ನಂಬಿಕೆ. ಈ ಇಬ್ಬರೂ ಕನ್ನಡ ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಮಾಸ್ತರರು ದಿನಾ ಸಂಜೆ ಡಿಪೋಕ್ಕೆ ಹೋಗಿ, ಹಂಚಿನ ಗುಪ್ಪೆಯ ಮೇಲೆ ಕೂತು, ವಸಂತರಾವರ ಜೊತೆ ಕೂಗಾಡಿ ಮನೆಗೆ ಹೋಗುತ್ತಿದ್ದರು. ನಾನು ಹೊಸಬ, ಮೊದಲ ದಿನ ಅದನ್ನು ಕೇಳಿ ಲಾಠಿ ಹಿಡಿದು ಓಡಿದ್ದೆ. ನೋಡಿದರೆ ಇಬ್ಬರ ನಡುವೆ ಒಂದು ತಾಟು ಚುರುಮುರಿ ಇತ್ತು.

ಅವರು ಮಾತಿನಲ್ಲಿ ಮುಗಿಸುತ್ತಿದ್ದುದನ್ನು ಹಿಂಬಾಲಕರು ಕೈಯಲ್ಲಿ ಮುಗಿಸಲು ಹೋದರು. ಒಮ್ಮೆ ಮೆರವಣಿಗೆಯೊಂದು ಮಾಸ್ತರರ ಉಪನ್ಯಾಸ ನಡೆದಿದ್ದ ಚೌಕಕ್ಕೆ ಬಂತು. ಮೈಕ್ ನಿಲ್ಲಿಸಿ ಎಂದವರು ಒಂದು ಕಡೆ, ಡೊಳ್ಳು ನಿಲ್ಲಿಸಿ ಎಂದವರು ಇನ್ನೊಂದು ಕಡೆ. ಕಲ್ಲು ತೂರಿ ಬಂದವು, ಒಬ್ಬನ ತಲೆ ಒಡೆಯಿತು. ಇಂಥ ಸಂದರ್ಭದಲ್ಲಿ ಎರಡೂ ಕಡೆಯ ಮುಂದಾಳುಗಳಿಂದ, ಇಂತಿಷ್ಟು ದಿನ ಶಾಂತಿ ಕಾಪಾಡುತ್ತೇವೆ ಎಂದು ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳುವುದು ರೂಢಿ. ಪ್ರತಿಯೊಬ್ಬನಿಗೂ ಒಬ್ಬ ಜಾಮೀನುದಾರ ಬೇಕು. ಆತ ತನ್ನ ಹೊಲದ ಉತಾರ, ಅಂದರೆ ಪಹಣಿ ಪತ್ರ, ಇಟ್ಟು ಸಹಿ ಮಾಡಬೇಕು. ಮಾತು ತಪ್ಪಿದರೆ ದಂಡ ಅವನ ತಲೆಗೆ. ಜಾಮೀನು ಸಿಗದಿದ್ದರೆ ಹಿಂಡಲಗಾ ಜೈಲು.

ಇಬ್ಬರೂ ತಮ್ಮ ತಮ್ಮ ಅಣ್ಣತಮ್ಮಂದಿರನ್ನು ಕರೆತಂದಿದ್ದರು. ಇನಾಮದಾರ ಸಾಹೇಬರು ಅವರನ್ನೆಲ್ಲ ಹೊರಗೆ ಕಳಿಸಿದರು.

“ಮಾಸ್ತರಗ ವಸಂತರಾವ ಜಾಮೀನ ಆಗಲಿ, ವಸಂತರಾವಗ ಮಾಸ್ತರ ಆಗಲಿ. ಒಬ್ಬಾಂವ ಗದ್ಲ ಮಾಡಿದ್ರ ಇನ್ನೊಬ್ಬನ ಹೊಲಕ್ಕ ಕುತ್ತ ಬರತೈತಿ. ಆಮ್ಯಾಲ ಇವರನ್ನ ನಾ ಯಾಕ ಕಾಯಲಿ? ತಾವಽ ಕಾಯತಾರ.”

“ಈ ನಾಸ್ತಿಕಗ ನಾ ಜಾಮೀನೇನ್ರಿ?” ವಸಂತರಾವರ ದನಿಗೆ ಕಚೇರಿಯ ಗುಮಾಸ್ತರೆಲ್ಲ ತಲೆ ಎತ್ತಿದರು.

“ನಾಸ್ತಿಕ ಯಾರಲೇ? ನಿನ್ನಕಿಂತ ಒಂದ ತಾಸ ಮೊದಲ ಎದ್ದ ಪೂಜಿ ಮಾಡತೀನಿ” ಅಂದರು ಮಾಸ್ತರರು. ತಹಶೀಲ್ದಾರರು ನಕ್ಕರು. ಹೀಗೆ ಮಾಡಬಾರದೆಂದು ಕಾಯಿದೆಯಲ್ಲಿ ಎಲ್ಲೂ ಇರಲಿಲ್ಲ.

ಅವತ್ತು ಶುರುವಾದ ಪದ್ಧತಿ ಅನೇಕ ವರ್ಷ ನಡೆಯಿತು. ಹಬ್ಬದ ಮುಂಚೆ, ಚುನಾವಣೆಯ ಮುಂಚೆ ಇಬ್ಬರೂ ಉತಾರ ಹಿಡಿದು ಬರುವುದು, ಒಬ್ಬರಿಗೊಬ್ಬರು ಸಹಿ ಹಾಕುವುದು. ಸಹಿ ಹಾಕುವಾಗ ಮಾಸ್ತರರ ಮಾತು ಖಾಯಂ: “ವಸಂತಾ, ನೀ ಗದ್ಲ ಮಾಡಿದ್ರ ನನ್ನ ಹೊಲ ಹೋಗತೈತಿ, ನೆಪ್ಪ ಇಟ್ಕೋ.” ವಸಂತರಾವರ ಉತ್ತರವೂ ಖಾಯಂ: “ಹೋದ್ರ ಹೋಗಲಿ ಬಿಡೋ ಮಾಸ್ತರಾ, ಅದರಾಗ ಬೆಳ್ಯೂದ ಬರೇ ಕರಕಿ ಹುಲ್ಲ.” ಅಲ್ಲಿಂದ ಎದುರಿನ ಹೋಟೆಲಿನಲ್ಲಿ ಚಹಾ. ಚಹಾದ ಜೊತೆಗೆ ಮತ್ತೆ ಜಗಳ.

ಸಾಹೇಬರು ಅಂದುಕೊಂಡದ್ದಕ್ಕಿಂತ ಹೆಚ್ಚಿನ ಲಾಭವಾಯಿತು. ಸಂಪ್ರದಾಯವಾದಿಗಳ ಮೆರವಣಿಗೆ ಹೊರಟರೆ ಮಾಸ್ತರರು ಕೊಡೆ ಹಿಡಿದು ಚೌಕದ ಮೂಲೆಯಲ್ಲಿ ನಿಂತಿರುತ್ತಿದ್ದರು. “ಯಾಕ್ರಿ ಮಾಸ್ತರ, ನೀವೂ ಸೇರಿದ್ರೇನು?” ಎಂದು ನಾನು ಕಿಚಾಯಿಸಿದರೆ, “ನನ್ನ ಹೊಲ ಹೊಂಟೈತ್ರಿ ಅದರಾಗ, ನೋಡಬೇಕಲ್ಲ” ಅನ್ನುತ್ತಿದ್ದರು. ಮಾಸ್ತರರ ಉಪನ್ಯಾಸವಿದ್ದರೆ ವಸಂತರಾವ ಹಿಂದಿನ ಸಾಲಿನಲ್ಲಿ ತೋಳು ಕಟ್ಟಿ ಕೂತು, ಎದ್ದು ಕೂಗಲು ಹೊರಟ ತಮ್ಮ ಹುಡುಗರನ್ನೇ ಕಣ್ಣಿನಲ್ಲಿ ಕೂರಿಸುತ್ತಿದ್ದರು. ಒತ್ತಾಯಕ್ಕೆ ಕೂತು ಕೂತು ಇಬ್ಬರೂ ಒಬ್ಬರ ಮಾತನ್ನೊಬ್ಬರು ಪೂರ್ತಿ ಕೇಳುತ್ತಿದ್ದರು. ಒಪ್ಪಿದರೇ? ಎಳ್ಳಷ್ಟೂ ಇಲ್ಲ. ಆದರೆ ಇನ್ನೊಬ್ಬ ಏನು ಹೇಳುತ್ತಾನೆಂದು ಸರಿಯಾಗಿ ತಿಳಿದು ಬಯ್ಯುತ್ತಿದ್ದರು. ಅದೂ ಸಣ್ಣ ವಿಷಯವಲ್ಲ.

ಒಂದು ಸೂರ್ಯಗ್ರಹಣ ನೆನಪಿಗೆ ಬರುತ್ತದೆ. ಗ್ರಹಣದ ಹೊತ್ತಿನಲ್ಲಿ ಉಂಡರೆ ಏನೂ ಆಗುವುದಿಲ್ಲ ಎಂದು ತೋರಿಸಲು ಮಾಸ್ತರರು ಚೌಕದಲ್ಲಿ ಮಿರ್ಚಿ ಭಜಿ ತಿನ್ನುವ ಕಾರ್ಯಕ್ರಮ ಇಟ್ಟರು. ಎದುರಿಗೆ ವಸಂತರಾವ ಮತ್ತು ಅವರ ಬಳಗ ಧಿಕ್ಕಾರ ಕೂಗುತ್ತ ನಿಂತಿತು. ನಡುವೆ ನಾವು. ಬಿಸಿ ಎಣ್ಣೆಯ ವಾಸನೆ ಊರ ತುಂಬ. ಬಾಯಲ್ಲಿ ಧಿಕ್ಕಾರ, ಕಣ್ಣು ಬಾಣಲೆಯ ಮೇಲೆ. ಬೆಳಿಗ್ಗೆಯಿಂದ ಉಪವಾಸ ಇದ್ದ ವಸಂತರಾವರ ಮುಖ ನೋಡಿ ನನಗೇ ಕನಿಕರವಾಯಿತು. ಗ್ರಹಣ ಬಿಟ್ಟಿತು. ಅವರು ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು ಡಿಪೋಕ್ಕೆ ಬಂದರೆ, ಮಾಸ್ತರರು ಅಲ್ಲಿ ಪೊಟ್ಟಣ ಹಿಡಿದು ಕೂತಿದ್ದರು.

“ತಗೋ. ಗ್ರಹಣ ಬಿಟ್ಟ ಮ್ಯಾಲ ಕರಿಸಿದ್ದು. ನಿನ್ನ ಪದ್ಧತಿ ಕೆಡಿಸಿಲ್ಲ ನಾ.”

“ಎಣ್ಣಿ ಮೊದಲಿಂದ ಕಾದಿದ್ದಽ ಅಲ್ಲೇನೋ?” ಎಂದು ವಸಂತರಾವ ಅನುಮಾನದಿಂದ ಮೂಸಿದರು. “ಎಣ್ಣಿನೂ ಹೊಸಾದು” ಎಂದರು ಮಾಸ್ತರರು. ಆಮೇಲೆ ವಸಂತರಾವ ತಿಂದದ್ದಕ್ಕೆ ಲೆಕ್ಕವಿಲ್ಲ. ನನಗೂ ಎರಡು ಸಿಕ್ಕವು.

ಕಾಲ ಬದಲಾಯಿತು, ಎಲ್ಲರ ಹಾಗೆ ನಮ್ಮ ಕೆಲಸವೂ ಬದಲಾಯಿತು. ಕುರ್ಚಿಯ ಮೇಲೆ ಕೂರುವ ಬದಲು ಮೊಬೈಲಿನ ಗುಂಪುಗಳನ್ನು ನೋಡುವ ಡ್ಯೂಟಿ ಬಂತು. ಮೆರವಣಿಗೆಯ ತಲೆಯ ಮೇಲೆ ಡ್ರೋನ್ ಹಾರಿತು. ಅವುಗಳಿಂದ ಉಪಯೋಗವಿಲ್ಲ ಎಂದು ನಾನು ಹೇಳುವುದಿಲ್ಲ, ಅವುಗಳಿಂದ ಹಿಡಿದ ಕಳ್ಳರೂ ಇದ್ದಾರೆ. ಆದರೆ ಇನಾಮದಾರ ಸಾಹೇಬರ ಲೆಕ್ಕ ತಪ್ಪಿಹೋಯಿತು. ಮೊದಲು ಭಾಷಣ ಮಾಡಿದವನು ಮರುದಿನ ಊರು ಬಿಟ್ಟು ಹೋಗುತ್ತಿದ್ದ. ಈಗ ಅವನು ಹೋಗುವುದೇ ಇಲ್ಲ, ಕೇಳಿದವನ ಕಿಸೆಯಲ್ಲೇ ಉಳಿದು ಬೆಳಿಗ್ಗೆ ಸಂಜೆ ಅದನ್ನೇ ಹೇಳುತ್ತಾನೆ. ಸಾಹೇಬರು ಇದನ್ನು ನೋಡಲಿಕ್ಕೆ ಇರಲಿಲ್ಲ. ನಿವೃತ್ತರಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದರು.

ಎರಡೂ ಬಣಗಳಲ್ಲಿ ಹೊಸಬರು ಬಂದರು. ಮಾಸ್ತರರ ಕಡೆ ಬೆಳಗಾವಿಯ ಕಾಲೇಜು ಹುಡುಗರು, ಒಬ್ಬ ಯುವ ವಕೀಲ. ಓದಿಕೊಂಡವರು, ಸಿಟ್ಟಿನವರು. ವಸಂತರಾವರ ಕಡೆ ಅವರ ಅಣ್ಣನ ಮಗ ಪ್ರಮೋದ ಮತ್ತು ಅವನ ಗೆಳೆಯರು. ಓದು ಸ್ವಲ್ಪ ಕಡಿಮೆ, ಸಿಟ್ಟು ಅಷ್ಟೇ. ಇವರಿಗೆ ಮುದುಕರ ಚುರುಮುರಿ, ಭಜಿಗಳ ಕತೆ ಗೊತ್ತಿರಲಿಲ್ಲ. ಗೊತ್ತಾದರೂ ಸೇರುತ್ತಿರಲಿಲ್ಲ. ಒಂದು ವರ್ಷ ಇಬ್ಬರೂ ಸಹಿ ಮಾಡಿ ನಗುತ್ತ ನಿಂತಿದ್ದಾಗ ಯಾರೋ ತಾಲೂಕು ಕಚೇರಿಯ ವರಾಂಡದಲ್ಲಿ ಫೋಟೋ ತೆಗೆದು ಬಿಟ್ಟರು. ಸಂಜೆಯೊಳಗೆ ಅದು ಎಲ್ಲ ಮೊಬೈಲುಗಳಲ್ಲಿತ್ತು. ಒಳಗಿಂದೊಳಗೆ ಇವರಿಬ್ಬರೂ ಒಂದೇ, ನಮ್ಮನ್ನು ಬಡಿದಾಡಲು ಬಿಟ್ಟು ತಾವು ಚಹಾ ಕುಡಿಯುತ್ತಾರೆ ಎಂದು ಎರಡೂ ಕಡೆ ಬರೆದರು. ಶಬ್ದ ಕೂಡ ಹೆಚ್ಚು ಕಡಿಮೆ ಒಂದೇ. ಅವರ ನಡುವೆ ನಾನು ಕಂಡ ಒಮ್ಮತ ಅದೊಂದೇ.

ಮಾಸ್ತರರು ಆಗ ನಿವೃತ್ತರಾಗಿದ್ದರು. ಅವರ ಹೆಂಡತಿ ಸರೋಜಕ್ಕನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಕ್ಕಳಿರಲಿಲ್ಲ. ಮಾಸ್ತರರೇ ಆಕೆಯನ್ನು ಎಬ್ಬಿಸಿ, ತೊಳೆದು, ತುತ್ತು ಮಾಡಿ ಉಣ್ಣಿಸುತ್ತಿದ್ದರು. ಬೇರೆಯವರ ಕೈಯಿಂದ ಆಕೆ ಉಣ್ಣುತ್ತಿರಲಿಲ್ಲ, ಸಂಕೋಚ. ಸಂಜೆ ಡಿಪೋಕ್ಕೆ ಹೋಗುವುದೂ ನಿಂತಿತ್ತು. ಹೆಂಡತಿಯ ಸಲುವಾಗಿ ಹೋಗುತ್ತಿಲ್ಲ ಎಂದು ಹೇಳುತ್ತಿದ್ದರು. ಫೋಟೋ ಸಲುವಾಗಿಯೂ ಹೌದು ಎಂದು ನನಗೆ ಗೊತ್ತಿತ್ತು.

ಮುಂದಿನ ವರ್ಷ ಪೇಟೆಯಲ್ಲಿ ಎರಡೂ ಕಡೆಯ ಹುಡುಗರು ಬಡಿದಾಡಿದರು. ಮುದುಕರಿಬ್ಬರೂ ಅಲ್ಲಿರಲಿಲ್ಲ. ಆದರೂ ಹೆಸರಿಗೆ ಮುಂದಾಳುಗಳು ಅವರೇ, ಮುಚ್ಚಳಿಕೆಗೆ ಕರೆದದ್ದು ಅವರನ್ನೇ. ಬೆಳಿಗ್ಗೆ ಮಾಸ್ತರರು ಸರೋಜಕ್ಕನಿಗೆ ಉಣ್ಣಿಸಿ, ಮಧ್ಯಾಹ್ನದೊಳಗೆ ಬರುತ್ತೇನೆಂದು ಹೇಳಿ ಉತಾರ ಹಿಡಿದು ಬಂದರು. ವಸಂತರಾವರಿಗೆ ಸಹಿ ಮಾಡಲಿಕ್ಕೆ ಪೆನ್ನು ಸಹ ತೆಗೆದಿಟ್ಟುಕೊಂಡಿದ್ದರು. ವಸಂತರಾವ ಬಂದದ್ದು ಪ್ರಮೋದನ ಜೊತೆ. ಪ್ರಮೋದನೇ ಜಾಮೀನು. ಮಾಸ್ತರರ ಕಡೆ ನೋಡದೆ ವಸಂತರಾವ ಸಹಿ ಮಾಡಿದರು, ನೋಡದೆ ಹೋದರು. ಮಾಸ್ತರರು ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಗಿಟ್ಟುಕೊಂಡರು.

“ನಿಮ್ಮ ಜಾಮೀನುದಾರ ಯಾರು?” ಎಂದು ಕೇಳಿದರು ತಹಶೀಲ್ದಾರರು.

“ವಸಂತರಾವ ಬರತಾನ್ರಿ.”

ಯುವ ವಕೀಲ ಕಿವಿಯಲ್ಲಿ ಹೇಳಿದ: “ಸರ್, ಜಾಮೀನ ಬ್ಯಾಡ. ತಪ್ಪಽ ಮಾಡಿಲ್ಲ ನೀವು. ಹಿಂಡಲಗಾಕ್ಕ ಹೋಗೂಣು, ಹೋರಾಟಕ್ಕ ಜೋರ ಬರತೈತಿ.” ಹೋಗುವುದು ಅವನಲ್ಲ, ಮಾಸ್ತರರು. ಅವನ ಕಡೆಯ ಹುಡುಗರಲ್ಲಿ ಒಬ್ಬನ ಹೆಸರಿನಲ್ಲೂ ಒಂದು ಗುಂಟೆ ಹೊಲ ಇರಲಿಲ್ಲ, ಎಲ್ಲರೂ ಬಾಡಿಗೆ ಕೋಣೆಯವರು. ನಾನು ಬಳಿಗೆ ಹೋಗಿ, “ಮಾಸ್ತರ, ಕಾಕತಿಯೊಳಗ ನಿಮ್ಮ ತಮ್ಮ ಅದಾರಲ್ರಿ, ಫೋನ್ ಹಚ್ಚತೀನಿ, ಎರಡ ತಾಸಿನ್ಯಾಗ ಬರತಾರ” ಅಂದೆ.

“ಬ್ಯಾಡ್ರಿ. ಇಷ್ಟ ವರ್ಷದಾಗ ಬ್ಯಾರೆ ಯಾರೂ ನನಗ ಜಾಮೀನ ಆಗಿಲ್ಲ. ಅಂವ ಬರತಾನ.”

ಊಟದ ಹೊತ್ತು ದಾಟಿತು. ಕಿಟಕಿಯಿಂದ ನೋಡಿದೆ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ವಸಂತರಾವ ನಿಂತಿದ್ದರು. ಬಗಲಲ್ಲಿ ಚೀಲ. ಗೇಟಿನ ಎರಡೂ ಬದಿಗೆ ಪ್ರಮೋದನ ಗೆಳೆಯರು, ಎದುರಿಗೆ ಮಾಸ್ತರರ ಹುಡುಗರು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲೂ ಅವರ ಮುಖಕ್ಕೆ. ನಾನು ಓಡಿದೆ.

“ಒಳಗ ಬರ್ರಿ ಅಣ್ಣಾ. ಮಾಸ್ತರ ಮುಂಜಾನಿಂದ ಕುಂತಾರ. ಅಲ್ಲಿ ಸರೋಜಕ್ಕ ಉಂಡಿಲ್ಲ.”

“ಉತಾರ ತಂದೀನ್ರಿ ಹವಾಲ್ದಾರ್ರ. ಖರೇ ತಂದೀನಿ.” ಅವರ ದನಿ ನನಗೂ ಕಷ್ಟಪಟ್ಟು ಕೇಳುವಷ್ಟು ಸಣ್ಣದಾಗಿತ್ತು. “ಆದ್ರ ಇವರೆಲ್ಲಾ ನೋಡ್ರಿ. ನಾ ಒಳಗ ಕಾಲ ಇಟ್ರ ನಾಳಿ ನನ್ನ ಮನ್ಯಾಗಽ ನನ್ನ ಮಾತ ಯಾರೂ ಕೇಳಂಗಿಲ್ಲ. ಮಾಸ್ತರಗ ಹೇಳ್ರಿ, ಕಾಕತಿ ತಮ್ಮನ್ನ ಕರಸ ಅಂತ ಹೇಳ್ರಿ.”

ಹೋಗಿ ಹೇಳಿದೆ. ಮಾಸ್ತರರು ಕೇಳಿದ್ದು ಒಂದೇ: “ಗೇಟ ತನಕ ಬಂದಾನ?”

“ಬಂದಾರ್ರಿ.”

“ಹಂಗಾರ ಒಳಗ ಬರತಾನ. ನಿಂದರ್ರಿ.”

ಮಾಸ್ತರರ ಹಟಕ್ಕೆ ನನಗೆ ಸಿಟ್ಟು ಬಂತು. ವಸಂತರಾವರ ಹೆದರಿಕೆಗೂ ಬಂತು. ಎಷ್ಟು ಸಲ ಆ ವರಾಂಡದಲ್ಲಿ ಹೋಗಿ ಬಂದೆನೋ. ಒಬ್ಬರಿಗೆ ತಮ್ಮನನ್ನು ಕರೆಸಿ ಎಂದು, ಇನ್ನೊಬ್ಬರಿಗೆ ಒಳಗೆ ಬನ್ನಿ ಎಂದು ಬೇಡಿಕೊಂಡೆ. ನಮ್ಮ ಹೊಸ ಅಧಿಕಾರಿ ಮೈಸೂರು ಕಡೆಯವರು, ಒಳ್ಳೆಯವರೇ. “ಏನ್ರೀ ಸಿದ್ದಪ್ಪ, ಎದುರಾಳಿನೇ ಜಾಮೀನು ಕೊಡೋದು ಅಂದ್ರೆ ಏನರ್ಥ? ಇದ್ಯಾವ ರೂಲ್ಸು?” ಎಂದು ಬೆರಗಾಗಿ ಕೇಳಿದರು. ಅವರಿಗೆ ಹೇಗೆ ವಿವರಿಸುವುದು? ಇನಾಮದಾರ ಸಾಹೇಬರ ರೂಲ್ಸು ಅಂದರೆ ಅವರಿಗೇನು ತಿಳಿಯುತ್ತದೆ?

ತಹಶೀಲ್ದಾರರು ಕಚೇರಿ ಮುಗಿಯುವವರೆಗೂ ಕಾದರು. ಕಾಯಿದೆ ಬಿಟ್ಟು ಅವರು ಏನೂ ಮಾಡಲಿಲ್ಲ, ಮಾಡಬೇಕಾದ್ದನ್ನು ಮನಸ್ಸಿಲ್ಲದೆ ಮಾಡಿದರು. ಮಾಸ್ತರರನ್ನು ಜೀಪಿಗೆ ಹತ್ತಿಸಿದಾಗ ಅವರ ಹುಡುಗರು ಜಯಕಾರ ಕೂಗಿದರು. ಪ್ರಮೋದನ ಕಡೆಯವರು ಸಿಳ್ಳೆ ಹೊಡೆದರು. ಜೀಪು ಗೇಟು ದಾಟುವಾಗ ವಸಂತರಾವ ಇನ್ನೂ ಬೇವಿನ ಮರದ ಕೆಳಗೇ ಇದ್ದರು. ಮಾಸ್ತರರು ಕುತ್ತಿಗೆ ತಿರುಗಿಸಿ ನೋಡಿದರು, ಚೀಲವನ್ನೂ ನೋಡಿದರು. ಹಿಂಡಲಗಾದವರೆಗೆ ಪಕ್ಕದಲ್ಲಿ ಕೂತು ಹೋದವನು ನಾನು. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. “ಸರೋಜಗ ಬಾಳೆಹಣ್ಣ ಮೆತ್ತಗ ಕಿವುಚಿ ಕೊಡಬೇಕ್ರಿ. ಯಾರಿಗರೆ ಹೇಳ್ರಿ.”

ಹೇಳಿದೆ. ಕಾಕತಿಯ ತಮ್ಮನ ಹೆಂಡತಿ ಬಂದು ಇದ್ದಳು. ವಸಂತರಾವರ ಹೆಂಡತಿ ಇಂದೂತಾಯಿ ಹಿತ್ತಿಲ ಬಾಗಿಲಿನಿಂದ ದಿನಾ ಮೆತ್ತನೆಯ ಅನ್ನ, ಸಾರು ತರುತ್ತಿದ್ದರು. ಅವರೂ ಒಳ್ಳೆಯ ಹೆಂಗಸು, ಗಂಡನಿಗೆ ಮನೆಯಲ್ಲಿ ಏನು ಅಂದರೋ ನನಗೆ ಗೊತ್ತಿಲ್ಲ. ಸರೋಜಕ್ಕ ಯಾರ ಕೈಯಿಂದಲೂ ನೆಟ್ಟಗೆ ಉಣ್ಣಲಿಲ್ಲ. ನಾಲಿಗೆ ತೊಡರುತ್ತಿತ್ತು, ಆದರೂ ನಾನು ಹೋದಾಗ ತಿಳಿಯುವ ಹಾಗೆ ಹೇಳಿದಳು: “ಅವರ ಬರಲಿ. ಉಣತೀನಿ.” ಕಾಕತಿಯ ತಮ್ಮ ತಾನು ಜಾಮೀನು ಕೊಡುತ್ತೇನೆಂದು ಹಿಂಡಲಗಾಕ್ಕೆ ಹೋಗಿ ಕೇಳಿದ. ಮಾಸ್ತರರು ಒಪ್ಪಲಿಲ್ಲ. ವಕೀಲ ಮೇಲಿನ ನ್ಯಾಯಾಲಯದಿಂದ ಬಿಡುಗಡೆಯ ಆದೇಶ ತರುವ ಹೊತ್ತಿಗೆ ಮೂರು ವಾರದ ಮೇಲಾಗಿತ್ತು.

ಆ ಮಳೆಗಾಲ ಕಳೆಯುವುದರೊಳಗೆ ಸರೋಜಕ್ಕ ತೀರಿಕೊಂಡಳು. ಲಕ್ವಾ ಎರಡನೇ ಸಲ ಹೊಡೆಯಿತು, ಆ ಮೂರು ವಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಇರಲಿಕ್ಕಿಲ್ಲ. ಆದರೆ ಮಾಸ್ತರರ ಮನಸ್ಸು ಡಾಕ್ಟರರ ಮಾತು ಕೇಳಲಿಲ್ಲ. ಸಮಾಧಿಯ ದಿನ ವಸಂತರಾವ ಬಂದು ಜನರ ಹಿಂದೆ ನಿಂತರು, ಒಂದು ಹಿಡಿ ಮಣ್ಣು ಹಾಕಿದರು. ಮಾಸ್ತರರು ತಡೆಯಲಿಲ್ಲ, ಕರೆಯಲೂ ಇಲ್ಲ.

ನನ್ನ ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಮತ್ತೆ ಗಲಾಟೆಯಾಯಿತು. ಈ ಸಲ ಪ್ರಮೋದ ಮತ್ತು ಅವನ ಗೆಳೆಯರ ಮೇಲೆಲ್ಲ ಕೇಸು ಬಿತ್ತು, ಹಾಗಾಗಿ ಅವರಲ್ಲಿ ಯಾರೂ ಜಾಮೀನು ನಿಲ್ಲುವ ಹಾಗಿರಲಿಲ್ಲ. ಕೆಲವರು ಊರನ್ನೇ ಬಿಟ್ಟಿದ್ದರು. ಮುದುಕ ಮೆತ್ತಗಾಗಿದ್ದಾನೆ ಎಂದು ವಸಂತರಾವರನ್ನು ಅವರು ಎಂದೋ ಮೂಲೆಗೆ ತಳ್ಳಿದ್ದರು. ಆದರೂ ಮುಚ್ಚಳಿಕೆಗೆ ಅವರ ಹೆಸರೇ. ಮಂಡಿನೋವಿನಿಂದ ನಡೆಯಲಾಗದ ಮನುಷ್ಯ ಒಬ್ಬರೇ ಬಂದು ಬೆಂಚಿನ ಮೇಲೆ ಕೂತರು. ಮಾಸ್ತರರು ಕೂತಿದ್ದ ಅದೇ ಬೆಂಚು.

“ಯಾರಿಗೆ ಫೋನ್ ಹಚ್ಚಲ್ರಿ ಅಣ್ಣಾ?”

“ಯಾರಿಗೂ ಬ್ಯಾಡ್ರಿ ಹವಾಲ್ದಾರ್ರ. ಹಿಂಡಲಗಾ ನಾನೂ ನೋಡಿ ಬರತೀನಿ. ನನಗ ಬರಬೇಕಾದ್ದು ಬಂದೈತಿ.”

ಆಗ ಬಾಗಿಲಲ್ಲಿ ಕೊಡೆ ಕಂಡಿತು. ಯಾರು ಹೇಳಿದರೋ, ನಾನಂತೂ ಹೇಳಿರಲಿಲ್ಲ. ಮಾಸ್ತರರ ಹಿಂದೆ ಅವರ ಹುಡುಗರು ಇಬ್ಬರು ಮೊಬೈಲ್ ಎತ್ತಿ ಬರುತ್ತಿದ್ದರು. “ತಗೀರಿ, ಎಷ್ಟ ಬೇಕಾದಷ್ಟ ತಗೀರಿ” ಎಂದು ಅವರಿಗೆ ಹೇಳಿ ಮಾಸ್ತರರು ಒಳಗೆ ಬಂದರು. ಉತಾರವನ್ನು ಮೇಜಿನ ಮೇಲಿಟ್ಟರು. ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿ ಪೆನ್ನು ತೆಗೆದರು.

ವಸಂತರಾವ ಮೇಜಿನ ಅಂಚು ಹಿಡಿದು ಎದ್ದು ನಿಂತಿದ್ದರು. ಆ ಖಾಯಂ ಮಾತಿಗಾಗಿ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಹಳೆಯ ಗುಮಾಸ್ತರೊಬ್ಬರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ್ದರು. ಮಾಸ್ತರರು ಸಹಿ ಮಾಡಿದರು. ಪೆನ್ನಿನ ಟೊಪ್ಪಿಗೆ ಹಾಕಿದರು.

“ಹೋದ್ರ ಹೋಗಲಿ ಬಿಡೋ,” ಎಂದರು ವಸಂತರಾವ, ಯಾರೂ ಏನೂ ಕೇಳದೆಯೇ. “ಅದರಾಗ ಬೆಳ್ಯೂದ ಬರೇ ಕರಕಿ ಹುಲ್ಲ. ಅಲ್ಲೇನೋ ಮಾಸ್ತರಾ?”

ಮಾಸ್ತರರು ಉತಾರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ತಹಶೀಲ್ದಾರರಿಗೆ ಕೈಮುಗಿದು, ಹೊರಗೆ ನಡೆದರು. ವಸಂತರಾವ ಮಂಡಿ ಎಳೆಯುತ್ತ ಅವರ ಹಿಂದೆ ಹೋಗಿ 'ಎದುರಿನ ಹೋಟೆಲಿಗೆ ಬಾರೋ' ಎಂದು ಕೂಗುವ ಹೊತ್ತಿಗೆ ಅವರು ರಸ್ತೆ ದಾಟಿಯಾಗಿತ್ತು.

ಹುಡುಗರು ನನ್ನನ್ನು ಕೇಳುತ್ತಾರೆ, ಎರಡು ಬಣಗಳನ್ನು ಕಾಯುವುದು ಹೇಗೆ ಅಂತ. ಕಾಯುವುದಕ್ಕೆ ಬೇಕಾದ್ದೆಲ್ಲ ಈಗ ನಿಮ್ಮ ಹತ್ತಿರ ಇದೆ, ನಮ್ಮ ಹತ್ತಿರ ಇರಲಿಲ್ಲ. ಒಂದನ್ನು ಮಾತ್ರ ನೋಡಿಕೊಳ್ಳಿ. ಎರಡೂ ಕಡೆಯಿಂದ ಬಂದು ದಿನಾ ಎದುರೆದುರು ಕೂತು ಕೂಗಾಡುವ ಒಂದು ಜೋಡಿ ಸಿಕ್ಕರೆ ಅವರನ್ನು ಬೇರೆ ಮಾಡಬೇಡಿ. ಬೇರೆ ಮಾಡುವವರನ್ನು ಗೇಟಿನ ಹೊರಗೆ ದೂರ ನಿಲ್ಲಿಸಿ. ಅವತ್ತು ಗೇಟಿನಲ್ಲಿ ನಾಲ್ಕು ಜನ ಸಿಬ್ಬಂದಿ ಹೆಚ್ಚಿಗೆ ಇದ್ದಿದ್ದರೆ ಎಂದು ನಾನು ಈಗಲೂ ಹಲುಬುತ್ತೇನೆ.

ಇಬ್ಬರೂ ಇದ್ದಾರೆ, ಅದೇ ಊರಲ್ಲಿ, ಒಂದು ಕೂಗಿನಷ್ಟು ದೂರದಲ್ಲಿ. ಪಿಂಚಣಿಗೆಂದು ಖಾನಾಪುರಕ್ಕೆ ಹೋದಾಗ ಡಿಪೋದ ಮುಂದೆ ಹಾದುಹೋಗುತ್ತೇನೆ. ಹಂಚಿನ ವ್ಯಾಪಾರ ಕಡಿಮೆಯಾಗಿದೆ. ಸಂಜೆಯಾದರೆ ವಸಂತರಾವ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬದಿಯ ಅದೇ ಹಂಚಿನ ಗುಪ್ಪೆಯ ಮೇಲೆ ಒಂದು ಗೋಣಿತಟ್ಟು ಹಾಸಿರುತ್ತದೆ, ಧೂಳು ಝಾಡಿಸಿ ದಿನಾ ಹಾಸುತ್ತಾರಂತೆ. ಕಳೆದ ಸಲ ಕಾಲು ನೋಯುತ್ತಿತ್ತು, ಅದರ ಮೇಲೆ ಕೂರಲು ಹೋದೆ.

“ಅಲ್ಲಿ ಬ್ಯಾಡ್ರಿ ಹವಾಲ್ದಾರ್ರ,” ಎಂದರು ವಸಂತರಾವ, ತಮ್ಮ ಕುರ್ಚಿಯಿಂದ ಕಷ್ಟಪಟ್ಟು ಏಳುತ್ತ. “ನೀವು ಇಲ್ಲಿ ಕುಂದರ್ರಿ.”